ವಾಕಿಂಗ್ ದಾರಿ ಮಾಡಿಸಿದರೆ ಶಾಲೆ ಮಕ್ಕಳು ನಿಜಕ್ಕೂ ನಡೆಯುತ್ತಾರಾ?

ನಡೆಯುತ್ತಾರೆ, ಆದರೆ ದಾರಿ ಶಾಲೆ ಗೇಟಿನ ಹತ್ತಿರದಿಂದಲೇ ಶುರುವಾಗಬೇಕು. ಊರಾಚೆ ಎಲ್ಲೋ ಟೈಲ್ಸ್ ಹಾಕಿ ಸುಮ್ನೆ ಬೋರ್ಡ್ ನಿಲ್ಲಿಸಿದರೆ ಬರುವವರು ರಿಟೈರ್ ಆದವರೇ ಜಾಸ್ತಿ (ಬರಲಿ ಬಿಡಿ, ತಪ್ಪೇನಿಲ್ಲ).

ದೊಡ್ಡವರು ಶುಗರ್ ಇಳಿಯಲಿ ಅಂತ ನಡೆಯುತ್ತಾರೆ, ಮಕ್ಕಳಿಗೆ ಆ ಭಯ ಎಲ್ಲಿದೆ? ಅವರಿಗೆ ಕಣ್ಣಿಗೆ ಕಾಣುವಷ್ಟು ಹತ್ತಿರದ ಗುರಿ ಬೇಕು. ನೂರು ಮೀಟರಿಗೊಂದು ಕಲ್ಲು ನೆಟ್ಟು, ಸುಣ್ಣ ಬಳಿದು ನಂಬರ್ ಬರೆಯಿರಿ. ಮೂರನೇ ಕಲ್ಲು ಮುಟ್ಟಿದ ಹುಡುಗ ನಾಲ್ಕನೆಯದಕ್ಕೆ ಓಡಿಯೇ ಓಡುತ್ತಾನೆ, ಅವನ ಹಿಂದೆ ಗೆಳೆಯರು, ಹತ್ತನೇ ಕಲ್ಲು ಬರುವಷ್ಟರಲ್ಲಿ ಒಂದು ಕಿಲೋಮೀಟರ್ ಆಗಿಯೇ ಹೋಗಿರುತ್ತದೆ. ಓಡಬೇಡ ಅಂತ ಗದರಬೇಡಿ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ, ಅದೂ ಉಸಿರು ಜೋರಾಗುವಷ್ಟು ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ನಡೆಯಲು ಜಾಗ ಮೊದಲೇ ಇರುವ ದಾವಣಗೆರೆಯ ಕುಂದವಾಡ ಕೆರೆ, ಚಿತ್ರದುರ್ಗದ ಚಂದ್ರವಳ್ಳಿ ಹತ್ತಿರದ ಶಾಲೆಗಳಿಗೆ ಅರ್ಧ ಕೆಲಸ ಮುಗಿದ ಹಾಗೇ, ಅಲ್ವಾ? ಉಳಿದ ಕಡೆ ಮೊದಲು ಹೊಂಗೆ, ಬೇವು ನೆಡಿ. ನಮ್ಮ ಕಡೆ ಬಿಸಿಲಲ್ಲಿ ನೆರಳಿಲ್ಲದ ದಾರಿಗೆ ಮಾರ್ಚ್ ಬಂತೆಂದರೆ ನಾಯಿಯೂ ಕಾಲಿಡುವುದಿಲ್ಲ.