ಸೊಪ್ಪಿನ ಪಲ್ಯದಲ್ಲಿ ಎಂತ ಉಂಟು ಅಂತ ಮೊದಲು ಕೇಳು

ತಮ್ಮಾ, ನಿನ್ನ ಮೆಸೇಜು ಬಂದು ನಾಲ್ಕು ದಿನ ಆಯಿತು. ಕಟಪಾಡಿಯಲ್ಲಿ ಈ ಮಳೆಗೆ ಕರೆಂಟಿದ್ದರೆ ನೆಟ್ ಇಲ್ಲ, ನೆಟ್ ಇದ್ದರೆ ಕರೆಂಟಿಲ್ಲ. ಈಗ ಎರಡೂ ಉಂಟು. ಚಾವಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಒಳಗೆ ಅಮ್ಮ ಮೆಟ್ಟುಕತ್ತಿಯಲ್ಲಿ ಬಸಳೆ ದಂಟು ಕೊಯ್ಯುತ್ತಿದ್ದಾರೆ.

ನೀನು ಕೇಳಿದ್ದು ಇಷ್ಟು. "ಅಕ್ಕಾ, ಆಗಸ್ಟಿನಲ್ಲಿ ಎಂಎಸ್ ಮಾಡಲಿಕ್ಕೆ ಅಮೆರಿಕದ ರಾಲೀಗೆ ಹೊರಟಿದ್ದೇನೆ. ಮೊದಲ ವಾರವೇ ಸೀನಿಯರ್‌ಗಳು ಹೊಸಬರನ್ನು ಬಾರ್ಬೆಕ್ಯೂ ಹೋಟೆಲಿಗೆ ಕರೆದುಕೊಂಡು ಹೋಗ್ತಾರಂತೆ. ನಮ್ಮ ಮನೆಯಲ್ಲಿ ಮೀನು, ಕೋಳಿ ಆಗುತ್ತದೆ, ದನ, ಹಂದಿ ಇಲ್ಲ. ಅಲ್ಲಿ ಎಂತ ತಿನ್ನುವುದು? ಸುಮ್ನೆ ವೆಜ್ ಅಂತ ಹೇಳಿಬಿಟ್ಟರೆ ಸುಲಭ ಅಲ್ವಾ?" ಅದರ ಬಾಲಕ್ಕೆ ಚಳಿ, ಕುಕ್ಕರ್, ಟಿಪ್ಸ್, ರೂಮು.

ಬಾಲವನ್ನು ಮೊದಲು ಮುಗಿಸುತ್ತೇನೆ. ಮೂರು ಲೀಟರಿನ ಕುಕ್ಕರ್ ಸಾಕು, ಗ್ಯಾಸ್ಕೆಟ್ ಎರಡು ಜಾಸ್ತಿ ಇಟ್ಟುಕೋ. ಚಳಿಗೆ ಹಂಪನಕಟ್ಟೆಯಲ್ಲಿ ಸ್ವೆಟರ್ ಹುಡುಕಬೇಡ, ಅಲ್ಲೇ ಹೋಗಿ ತಗೋ. ರೂಮಿನ ವಿಷಯ ಸೀನಿಯರ್‌ಗಳನ್ನು ಕೇಳು. ಟಿಪ್ಸ್ ಅಂದರೆ, ಕೂತಲ್ಲಿಗೆ ತಂದು ಬಡಿಸುವ ಹೋಟೆಲಿನಲ್ಲಿ ಬಿಲ್ಲಿನ ಮೇಲೆ ನೂರಕ್ಕೆ 18ರಿಂದ 20 ಕೊಡಬೇಕು. ಅವರ ಸಂಬಳ ನಡೆಯುವುದೇ ಅದರಲ್ಲಿ. ಕೌಂಟರಿನಲ್ಲಿ ನೀನೇ ತಟ್ಟೆ ಎತ್ತಿಕೊಂಡು ಬರುವ ಕಡೆ ಕಡ್ಡಾಯ ಇಲ್ಲ. ಸ್ಕ್ರೀನು ನಿನ್ನ ಕಡೆ ತಿರುಗಿಸಿ ಕಾಯುತ್ತಾರೆ, ಹೆದರಬೇಡ.

ಈಗ ಬಾರ್ಬೆಕ್ಯೂ. ನಮ್ಮ ಕಡೆ ಆ ಹೆಸರಿನ ಹೋಟೆಲುಗಳಲ್ಲಿ ಮೇಜಿನ ನಡುವೆ ಕೆಂಡ ಇಟ್ಟು ಪನೀರು, ಸಿಗಡಿ ಕಡ್ಡಿಗೆ ಚುಚ್ಚಿ ಕೊಡುತ್ತಾರೆ. ಅದನ್ನು ತಲೆಯಿಂದ ತೆಗೆ. ರಾಲೀ ಇರುವ ನಾರ್ತ್ ಕೆರೊಲಿನಾ ರಾಜ್ಯದಲ್ಲಿ ಬಾರ್ಬೆಕ್ಯೂ ಅಂದರೆ ಹಂದಿ ಮಾಂಸ. ಹಂದಿ ಅಂತ ಬಹಳ ಕಡೆ ಬಿಡಿಸಿ ಹೇಳುವುದೂ ಇಲ್ಲ, ಬೋರ್ಡಿನಲ್ಲಿ ಬರೆಯುವುದೂ ಇಲ್ಲ. ನೀನು "ಬಾರ್ಬೆಕ್ಯೂ ಸ್ಯಾಂಡ್‌ವಿಚ್" ಎಂದೆಯೋ, ಮೆತ್ತಗಿನ ಬನ್ನಿನೊಳಗೆ ಕೊಚ್ಚಿದ ಹಂದಿ, ಅದರ ಮೇಲೆ ಹಸಿ ಕ್ಯಾಬೇಜಿನ ಸ್ಲಾ ಹಾಕಿ, ಕಾಗದ ಸುತ್ತಿ ಕೈಗೆ ಕೊಡುತ್ತಾರೆ. ಬನ್ ಅಂದರೆ ನಮ್ಮ ಬಾಳೆಹಣ್ಣಿನ ಬನ್ಸ್ ಅಲ್ಲ ಅಂತ ನಿನಗೆ ಹೇಳಬೇಕಿಲ್ಲ. ನನಗೆ ಹೇಳಬೇಕಾಗಿತ್ತು.

ರಾಲೀಯಿಂದ ಪೂರ್ವಕ್ಕೆ, ಸಮುದ್ರದ ಕಡೆ ಹೋದರೆ ಇಡೀ ಹಂದಿಯನ್ನೇ ಓಕ್, ಹಿಕರಿ ಸೌದೆಯ ಕೆಂಡದ ಮೇಲೆ ರಾತ್ರಿಯಿಡೀ ಬೇಯಿಸುತ್ತಾರೆ. ಸಾಸಿಗೆ ವಿನೆಗರ್, ಉಪ್ಪು, ಕುಟ್ಟಿದ ಕೆಂಪು ಮೆಣಸು, ಅಷ್ಟೇ. ಪಶ್ಚಿಮಕ್ಕೆ, ಲೆಕ್ಸಿಂಗ್ಟನ್ ಕಡೆ, ಹಂದಿಯ ಭುಜದ ಮಾಂಸ ಮಾತ್ರ. ಅಲ್ಲಿ ವಿನೆಗರಿಗೆ ಸ್ವಲ್ಪ ಕೆಚಪ್ ಬೀಳುತ್ತದೆ, ಸ್ಲಾ ಕೂಡ ಕೆಂಪಾಗಿರುತ್ತದೆ. ಆ ಸ್ವಲ್ಪ ಕೆಚಪ್ಪಿಗೆ ಎರಡೂ ಕಡೆಯವರು ಮಾಡುವ ವಾದ ಕೇಳಿದರೆ, ಕುಂದಾಪುರದವರೂ ಮಂಗಳೂರಿನವರೂ ಕೋಳಿ ಮಸಾಲೆ ವಿಷಯಕ್ಕೆ ಕೂತ ಹಾಗೆ ಆಗುತ್ತದೆ. ಲೆಕ್ಸಿಂಗ್ಟನ್ನಿನಲ್ಲಿ 1984ರಲ್ಲಿ ಶುರುವಾದ ಬಾರ್ಬೆಕ್ಯೂ ಹಬ್ಬ ಅಕ್ಟೋಬರಿನಲ್ಲಿ ನಡೆಯುತ್ತದೆ. ಪರ್ಯಾಯದ ದಿನ ರಥಬೀದಿಯಲ್ಲಿ ನಿಂತ ಅಭ್ಯಾಸ ಇದ್ದರೆ ಆ ಜನಜಂಗುಳಿ ನಿನಗೆ ಏನೂ ಅಲ್ಲ.

ದನದ ವಿಷಯಕ್ಕೆ ಎರಡು ಶಬ್ದ ನೆನಪಿಟ್ಟುಕೋ. ಬ್ರಿಸ್ಕೆಟ್ ಅಂದರೆ ದನದ ಎದೆಯ ಮಾಂಸ. ಅದು ಟೆಕ್ಸಾಸಿನವರ ದೇವರು, ಈಗ ರಾಲೀಯಲ್ಲೂ ಬಹಳ ಕಡೆ ಸಿಗುತ್ತದೆ. ಬರ್ನ್ಟ್ ಎಂಡ್ಸ್ ಅಂತ ಇದ್ದರೆ ಅದೂ ಸಾಮಾನ್ಯವಾಗಿ ಅದೇ ಬ್ರಿಸ್ಕೆಟಿನ ತುದಿ, ಕಾನ್ಸಾಸ್ ಸಿಟಿ ಕಡೆಯದು. ಸಾಸೇಜಿನಲ್ಲಿ ಯಾವುದು ಯಾವುದಕ್ಕೆ ಸೇರಿದೆ ಎಂದು ತುಂಬಿದವನಿಗೇ ಗೊತ್ತು, ಅದರ ತಂಟೆಗೇ ಹೋಗಬೇಡ. ನಿನಗೆ ಆಗುವುದು ಕೋಳಿ ಅಥವಾ ಟರ್ಕಿ. ಹೊಗೆಯಲ್ಲಿ ಬೆಂದ ಟರ್ಕಿಯ ಸ್ಯಾಂಡ್‌ವಿಚ್ ಸಿಕ್ಕಿದರೆ ಧೈರ್ಯವಾಗಿ ತಗೋ. ಕಚ್ಚಿದಾಗ ಅಂಚು ಗುಲಾಬಿ ಕಂಡರೆ ಬೆಂದಿಲ್ಲ ಅಂತ ವಾಪಸ್ ಕೊಡಬೇಡ. ಸೌದೆಯ ಹೊಗೆಯಲ್ಲಿರುವ ಅನಿಲ ಮಾಂಸಕ್ಕೆ ಹಿಡಿದು ಆ ಬಣ್ಣ ನಿಲ್ಲುತ್ತದೆ. ಅಲ್ಲಿಯವರಿಗೆ ಅದು ಹೆಮ್ಮೆಯ ಗುರುತು. ನಾನು ಒಮ್ಮೆ ವಾಪಸ್ ಕೊಟ್ಟಿದ್ದೇನೆ. ಕೌಂಟರಿನ ಹುಡುಗ ನನ್ನ ಮುಖ ನೋಡಿದ ಹಾಗೆ ನಿನ್ನ ಮುಖ ನೋಡುವುದು ಬೇಡ.

ಇನ್ನು ಸೈಡ್ಸ್, ಅಂದರೆ ಮಾಂಸದ ಜೊತೆಗೆ ಬಟ್ಟಲಲ್ಲಿ ಕೊಡುವ ಪಲ್ಯ, ಕಾಳಿನಂಥದ್ದು. ಇಲ್ಲೇ ನಾನು ಜಾರಿದ್ದು, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ.

2009ರ ಆಗಸ್ಟ್. ನಾನು ಅಲ್ಲಿಗೆ ಹೋಗಿ ಐದನೇ ದಿನ. ಆಫೀಸಿನವರು ಮಧ್ಯಾಹ್ನ ಒಂದು ಹಳೆಯ ಬಾರ್ಬೆಕ್ಯೂ ಹೋಟೆಲಿಗೆ ಕರೆದುಕೊಂಡು ಹೋದರು. ಕಾರಿನಿಂದ ಇಳಿದ ಕೂಡಲೇ ಹೊಗೆಯ ವಾಸನೆ. ನಮ್ಮ ಬಚ್ಚಲಿನ ಹಂಡೆ ಒಲೆಗೆ ಬೆಳಿಗ್ಗೆ ಬೆಂಕಿ ಹಾಕಿದಾಗ ಬರುತ್ತದಲ್ಲ, ಅದೇ. ಐದು ದಿನ ಬ್ರೆಡ್ಡು, ಮೊಸರಲ್ಲಿ ಇದ್ದವಳಿಗೆ ಅಲ್ಲೇ ಗಂಟಲು ಕಟ್ಟಿತು. ಒಳಗೆ ಮರದ ದಿಮ್ಮಿಯ ಮೇಲೆ ಒಬ್ಬರು ಎರಡೂ ಕೈಯಲ್ಲಿ ಕತ್ತಿ ಹಿಡಿದು ಮಾಂಸ ಕೊಚ್ಚುತ್ತಿದ್ದರು. ಟಕಟಕ ಟಕಟಕ. ನಡುನಡುವೆ ಬಾಟಲಿಯಿಂದ ವಿನೆಗರ್ ಚಿಮುಕಿಸುತ್ತಿದ್ದರು. ಆ ಹುಳಿ ವಾಸನೆಗೆ ನಮ್ಮ ಪಕ್ಕದ ಮನೆಯ ಬಾಯಮ್ಮನ ಅಡುಗೆಮನೆ ನೆನಪಾಯಿತು. ಕ್ರಿಸ್ಮಸ್ಸಿಗೆ ಅವರು ನಮಗೆ ಕುಸ್ವಾರ್ ಕಳಿಸುತ್ತಿದ್ದರು. ಹಂದಿಯ ಬಫಾತ್ ಮಾಡಿದ ದಿನ ಮಾತ್ರ ನಮ್ಮ ಕಡೆಯ ಕಿಟಕಿ ಹಾಕಿಕೊಳ್ಳುತ್ತಿದ್ದರು. ಅಷ್ಟು ಮರ್ಯಾದೆ.

ನಾನು ಬುದ್ಧಿವಂತಿಕೆ ಮಾಡಿದೆ. ಮಾಂಸವೇ ಬೇಡ, ಬರೀ ಸೈಡ್ಸ್ ಸಾಕು ಎಂದೆ. ಕಾಲರ್ಡ್ ಸೊಪ್ಪು, ಬೀನ್ಸ್, ಹಷ್ ಪಪ್ಪೀಸ್. ಹಷ್ ಪಪ್ಪೀಸ್ ಅಂದರೆ ಮೆಕ್ಕೆಜೋಳದ ಹಿಟ್ಟಿನ ಉಂಡೆ, ಎಣ್ಣೆಯಲ್ಲಿ ಕರಿದದ್ದು. ಗೋಳಿಬಜೆಯ ದೂರದ ಸಂಬಂಧಿ ಅನ್ನಬಹುದು, ಆದರೆ ಗೋಳಿಬಜೆಯ ಒಳಗಿನ ಮೆತ್ತನೆ ಅದಕ್ಕೆಲ್ಲಿಂದ ಬರಬೇಕು? ಸೊಪ್ಪು ಮಾತ್ರ ಬಾಯಿಗಿಟ್ಟ ಕೂಡಲೇ ಮನೆಗೆ ಬಂದ ಹಾಗಾಯಿತು. ಚೆನ್ನಾಗಿ ಬೆಂದಿತ್ತು, ಉಪ್ಪು ಹಿಡಿದಿತ್ತು, ಅಡಿಯಲ್ಲಿ ಸ್ವಲ್ಪ ರಸ. ಗಂಜಿ ಒಂದು ಇದ್ದಿದ್ದರೆ ಅಂದುಕೊಂಡೆ. ಇನ್ನೊಂದು ಬಟ್ಟಲು ತರಿಸಿಕೊಂಡು ತಿಂದೆ. ಎರಡನೇ ಬಟ್ಟಲಿನ ತಳದಲ್ಲಿ ಏನೋ ದಪ್ಪಗಿನ ಚೂರು ಸಿಕ್ಕಿತು. ಗುಜ್ಜೆಯ ಹೋಳಿನ ಹಾಗೆ ನಾರು ನಾರು. ಅದೇನು ಅಂತ ಪಕ್ಕದವರನ್ನು ಕೇಳಿದೆ. ನಮ್ಮ ಆಫೀಸಿನ ಹಿರಿಯ ಹೆಂಗಸು, ಪೂರ್ವದ ಹಳ್ಳಿಯ ಕಡೆಯವರು. "ಹ್ಯಾಮ್ ಹಾಕ್, ಹನಿ. ಹಂದಿಯ ಕಾಲಿನ ಗಂಟು. ಅದಿಲ್ಲದೆ ಸೊಪ್ಪಿಗೆ ರುಚಿ ಎಲ್ಲಿಂದ?" ಎಂದರು. ಬೀನ್ಸಿನಲ್ಲೂ ಅದೇ ಕಥೆ.

ರಾತ್ರಿ ಅಮ್ಮನ ಫೋನು. "ಎಂತ ಉಂಡೆ?" "ಸೊಪ್ಪಿನ ಪಲ್ಯ." "ಹಾ, ಅಲ್ಲಿ ಸೊಪ್ಪು ಸಿಗ್ತದಾ? ಒಳ್ಳೇದಾಯ್ತು." ಇವತ್ತಿನವರೆಗೂ ಅಮ್ಮನಿಗೆ ಹೇಳಿಲ್ಲ. ನೀನೂ ಈ ಕಡೆ ಬಂದಾಗ ಬಾಯಿ ಬಿಡಬೇಡ ಮಾರಾಯ.

ಅಲ್ಲಿ ಮಾಂಸಕ್ಕಿಂತ ತರಕಾರಿಯಲ್ಲೇ ಜಾಸ್ತಿ ಜಾಗ್ರತೆ ಬೇಕು. ಕಾಲರ್ಡ್ಸ್, ಹಸಿರು ಬೀನ್ಸ್, ಬೇಕ್ಡ್ ಬೀನ್ಸ್, ಇವುಗಳ ಒಳಗೆ ಹಂದಿ ಇದ್ದೇ ಇದೆ ಎಂದುಕೋ, ಇಲ್ಲ ಎಂದು ಅವರು ಹೇಳುವವರೆಗೆ. ಬ್ರನ್ಸ್ವಿಕ್ ಸ್ಟೂ ಅಂದರೆ ಟೊಮೆಟೊ, ಜೋಳ, ಅವರೆಯ ಹಾಗಿನ ಕಾಳು ಹಾಕಿದ ಗಟ್ಟಿ ಸಾರು. ನೋಡಲಿಕ್ಕೆ ಪಾಪದ್ದು, ಒಳಗೆ ಮಾಂಸ ಉಂಟು. ಸ್ಲಾ, ಮ್ಯಾಕ್ ಆಂಡ್ ಚೀಸ್, ಕರಿದ ಬೆಂಡೆಕಾಯಿ ಸಾಮಾನ್ಯವಾಗಿ ಆಗುತ್ತದೆ. ಹಷ್ ಪಪ್ಪೀಸನ್ನು ಹಂದಿಯ ಕೊಬ್ಬಿನಲ್ಲಿ ಕರಿಯುವವರೂ ಇದ್ದಾರೆ, ಕೇಳಿ ತಿನ್ನು. ಕೇಳಿದರೆ ಯಾರೂ ಬೇಜಾರು ಮಾಡುವುದಿಲ್ಲ. ಖಾರ ಸಾಲದಿದ್ದರೆ ಮೇಜಿನ ಮೇಲೆ ಟೆಕ್ಸಾಸ್ ಪೀಟ್ ಅಂತ ಕೆಂಪು ಬಾಟಲಿ ಇರುತ್ತದೆ. ಹೆಸರು ಟೆಕ್ಸಾಸ್, ಮಾಡುವುದು ಅಲ್ಲೇ ವಿನ್‌ಸ್ಟನ್-ಸೇಲಂನಲ್ಲಿ. ನಮ್ಮ ಬ್ಯಾಡಗಿಗೆ ಸಮ ಅಲ್ಲ, ನಡೆಯುತ್ತದೆ. ಬರೀ ಟೀ ಎಂದು ಕೇಳಿದರೆ ಐಸು ಹಾಕಿದ ಪಾನಕ ಬರುತ್ತದೆ, ಸಕ್ಕರೆ ಬೇಡದಿದ್ದರೆ "ಅನ್‌ಸ್ವೀಟ್" ಎನ್ನಬೇಕು.

ಈಗ ನಿನ್ನ ಕೊನೆಯ ಪ್ರಶ್ನೆ. ಸುಮ್ನೆ ವೆಜ್ ಎಂದರೆ ಸುಲಭ ಅಲ್ವಾ ಅಂತ.

ನಾನೂ ಹಾಗೇ ಅಂದುಕೊಂಡೆ. ಆ ಸೊಪ್ಪಿನ ಹೆದರಿಕೆಯಲ್ಲಿ ಮರುದಿನ ಆಫೀಸಿನಲ್ಲಿ "ನಾನು ವೆಜಿಟೇರಿಯನ್" ಎಂದುಬಿಟ್ಟೆ. ಮಲ್ಪೆ ಮೀನಿನಲ್ಲೇ ಬೆಳೆದವಳು! ಸೋಮವಾರ, ಸಂಕ್ರಮಣ ಬಿಟ್ಟರೆ ಮೀನಿಲ್ಲದೆ ಉಂಡದ್ದು ನೆನಪಿಲ್ಲ. ಆದರೆ ಕೋಳಿ ಆಗುತ್ತದೆ, ಮೀನು ಆಗುತ್ತದೆ, ದನ ಆಗುವುದಿಲ್ಲ, ಹಂದಿ ಆಗುವುದಿಲ್ಲ, ಸೋಮವಾರ ಯಾವುದೂ ಆಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳುವವರು ಯಾರು? ಒಂದು ಶಬ್ದದಲ್ಲಿ ಮುಗಿಯಿತಲ್ಲ ಎಂದುಕೊಂಡೆ.

ಮುಗಿಯಲಿಲ್ಲ. ಆ ಹಿರಿಯ ಹೆಂಗಸು ಅದನ್ನು ಮನಸ್ಸಿಗೆ ಹಚ್ಚಿಕೊಂಡರು. ನನಗೆ ಗೊತ್ತಿಲ್ಲದೆ ಹಂದಿ ತಿನ್ನಿಸಿಬಿಟ್ಟೆವು ಅಂತ ಅವರಿಗೆ ಹೊಟ್ಟೆಯಲ್ಲಿ ಸಂಕಟ. ಆಮೇಲೆ ವರ್ಷಕ್ಕೆ ಎರಡು ಸಲ ನಡೆಯುವ ಆಫೀಸ್ ಪಿಕ್‌ನಿಕ್ಕಿಗೆ ಅವರು ಎರಡು ತಟ್ಟೆ ಬೀನ್ಸ್ ತರುವುದಕ್ಕೆ ಶುರು ಮಾಡಿದರು. ದೊಡ್ಡದು ಎಲ್ಲರಿಗೆ. ಸಣ್ಣ ಅಲ್ಯೂಮಿನಿಯಂ ತಟ್ಟೆ ನನಗೆ, ಹಂದಿ ಸೇರಿಸದ್ದು. ಮೇಲೆ ಫಾಯಿಲ್ ಮುಚ್ಚಿ, ಬಿಳಿ ಟೇಪು ಅಂಟಿಸಿ, ಮಾರ್ಕರಿನಲ್ಲಿ ನನ್ನ ಹೆಸರು. ಸ್ಪೆಲ್ಲಿಂಗ್ ಯಾವಾಗಲೂ ತಪ್ಪು. ಆರು ವರ್ಷ. ಪಕ್ಕದ ಮೇಜಿನಿಂದ ಕೋಳಿಯ ಪರಿಮಳ ಬರುತ್ತಿತ್ತು, ನಾನು ಬೀನ್ಸ್ ತಿನ್ನುತ್ತಿದ್ದೆ. ಬೀನ್ಸ್ ಚೆನ್ನಾಗಿರುತ್ತಿತ್ತು, ಅದೇ ಇನ್ನೂ ಕಷ್ಟ.

2015ರಲ್ಲಿ ಒಂದು ಶನಿವಾರ, ನಾನೂ ಗಂಡನೂ ಪರಿಚಯದವರು ಸಿಗದ ಹಾಗೆ ಮುಕ್ಕಾಲು ಗಂಟೆ ದೂರದ ಊರಿಗೆ ಹೋದೆವು. ಅಲ್ಲಿಯ ಹೋಟೆಲಿನ ಹೊಗೆಯ ಕೋಳಿ ನನಗೆ ಬಹಳ ಇಷ್ಟ. ಚರ್ಮ ಗರಿಗರಿ, ಒಳಗೆ ವಿನೆಗರ್ ಹಿಡಿದಿರುತ್ತದೆ. ಕೋಳಿ ಕಾಲನ್ನು ಎರಡು ಕೈಯಲ್ಲಿ ಹಿಡಿದು, ಎಲುಬಿನ ತುದಿ ಚೀಪುತ್ತಿದ್ದೆ. ಬಾಗಿಲು ತೆರೆಯಿತು. ಮೊಮ್ಮಕ್ಕಳಿಬ್ಬರ ಕೈ ಹಿಡಿದುಕೊಂಡು ಅವರು. ನಾನು ಎಲುಬು ಕೆಳಗಿಡಲಿಲ್ಲ, ಕೈಯೇ ಬರಲಿಲ್ಲ. ಅವರು ನನ್ನ ತಟ್ಟೆ ನೋಡಿದರು, ನನ್ನನ್ನು ನೋಡಿದರು. "ಇಲ್ಲಿಯ ಕೋಳಿ ಚೆನ್ನಾಗಿರುತ್ತದೆ, ಅಲ್ವಾ?" ಎಂದಷ್ಟೇ ಹೇಳಿ ಮಕ್ಕಳನ್ನು ಕರೆದುಕೊಂಡು ದೂರದ ಮೇಜಿಗೆ ಹೋದರು.

ಬೈದಿದ್ದರೆ ಆಗುತ್ತಿತ್ತು. ಮುಂದಿನ ಪಿಕ್‌ನಿಕ್ಕಿಗೆ ಆ ಸಣ್ಣ ತಟ್ಟೆ ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಬಂತು. ಅದೇ ಟೇಪು, ಅದೇ ತಪ್ಪು ಸ್ಪೆಲ್ಲಿಂಗ್. ನಾನು ಬಾಯಿ ಬಿಡಬೇಕಿತ್ತು. ಒಂದು ದಿನ ಮನೆಗೆ ಕರೆದು, ಕೋರಿ ರೊಟ್ಟಿ ಬಡಿಸಿ, ನಮ್ಮಲ್ಲಿ ಹೀಗೆ ಹೀಗೆ ಎಂದು ಹೇಳಬೇಕಿತ್ತು. ನಾಳೆ, ಮುಂದಿನ ವಾರ, ಕ್ರಿಸ್ಮಸ್ ಕಳೆಯಲಿ, ಹೀಗೇ ಮುಂದೆ ಹಾಕಿದೆ. 2017ರಲ್ಲಿ ಅವರು ರಿಟೈರಾಗಿ ಮಗನ ಮನೆಗೆ, ವಿಲ್ಮಿಂಗ್ಟನ್ ಕಡೆಗೆ ಹೋದರು. ಕ್ರಿಸ್ಮಸ್ಸಿಗೆ ಕಾರ್ಡು ಬರುತ್ತದೆ. ಅದರಲ್ಲಿ ಈಗ ನನ್ನ ಹೆಸರಿನ ಸ್ಪೆಲ್ಲಿಂಗ್ ಸರಿ ಇರುತ್ತದೆ. ಯಾರನ್ನೋ ಕೇಳಿರಬೇಕು.

ಹಾಗಾಗಿ ಮೊದಲ ದಿನವೇ ಹೇಳು: "ಐ ಈಟ್ ಚಿಕನ್ ಆಂಡ್ ಫಿಶ್, ನೋ ಬೀಫ್, ನೋ ಪೋರ್ಕ್." ಒಂಬತ್ತು ಶಬ್ದ. ಯಾಕೆ ಅಂತ ಕೇಳಿದರೆ ಮನೆಯ ಪದ್ಧತಿ ಎನ್ನು. ಅಲ್ಲಿಯವರಿಗೂ ಮನೆಯ ಪದ್ಧತಿ ಅಂದರೆ ಅರ್ಥ ಆಗುತ್ತದೆ, ಕೆಚಪ್ಪಿಗೆ ಜಗಳ ಆಡುವ ಜನ ಅವರು.

ಒಂದು ಉಪಕಾರ ಬೇಕಿತ್ತು. ನಾನು ಆಗಸ್ಟ್ 2ಕ್ಕೆ ಹೊರಡುವುದು, ನನ್ನ ಎರಡೂ ಸೂಟ್‌ಕೇಸು ಈಗಲೇ ತುಂಬಿದೆ. ಅಮ್ಮ ಹಪ್ಪಳ, ಮಿಡಿ ಉಪ್ಪಿನಕಾಯಿ ಅಂತ ಇನ್ನೂ ತುರುಕುತ್ತಿದ್ದಾರೆ. ನಿನ್ನ ಬ್ಯಾಗಿನಲ್ಲಿ ಜಾಗ ಇದ್ದರೆ ಕೋರಿ ರೊಟ್ಟಿ ಎರಡು ಪ್ಯಾಕೆಟ್ ಇಟ್ಟುಕೊಂಡು ಬಾ. ಒಂದು ನಿನಗೆ. ಇನ್ನೊಂದನ್ನು ಹಿಡಿದುಕೊಂಡು ಸೆಪ್ಟೆಂಬರಿನಲ್ಲಿ ವಿಲ್ಮಿಂಗ್ಟನ್ನಿಗೆ ಹೋಗುವವಳಿದ್ದೇನೆ, ಕೋಳಿ ಗಸಿ ಅಲ್ಲೇ ಅವರ ಅಡುಗೆಮನೆಯಲ್ಲಿ ಮಾಡುತ್ತೇನೆ. ಬಟ್ಟೆಯ ನಡುವೆ ಇಡು, ಆದಷ್ಟು ಮುರಿಯದ ಹಾಗೆ. ಮುರಿದರೂ ತೊಂದರೆ ಇಲ್ಲ, ಹೇಗೂ ಮುರಿದೇ ತಿನ್ನುವುದಲ್ವಾ.