ಎರಡಕ್ಕೂ ಐ5 ಅಂತಲೇ ಹೆಸರು

ಪ್ರಶ್ನೆ: ಸರ್, ಲ್ಯಾಪ್‌ಟಾಪ್ ಮೇಲೆ ಚಹಾ ಚೆಲ್ಲಿ ಬೋರ್ಡ್ ಹೋಯಿತು. ಬಿಚ್ಚಿದರೆ ಪ್ರೊಸೆಸರ್ ಕೈಗೇ ಬಂತು, ಐ5-3210ಎಂ. ಅಂಗಡಿಯ ಹಳೇ ಡೆಸ್ಕ್‌ಟಾಪ್‌ನಲ್ಲಿ ಎಚ್61 ಬೋರ್ಡ್, ಐ3-2120 ಇದೆ. ಐ3 ತೆಗೆದು ಈ ಐ5 ಹಾಕಬಹುದಾ? ಲೆಕ್ಕ ಬರೆಯುವ ಟ್ಯಾಲಿ ಬೇಗ ತೆರೆದುಕೊಂಡರೆ ಸಾಕು.
— ಸೀರೆ ಅಂಗಡಿಯವರು, ಬೆಟಗೇರಿ

ಉತ್ತರ: ಕೂರುವುದಿಲ್ಲ. ಒತ್ತಿ ನೋಡಲೂ ಬೇಡಿ.

ನಿಮ್ಮ ಕೈಯಲ್ಲಿರುವ ಚಿಪ್ ತಿರುಗಿಸಿ ನೋಡಿ. ಕೆಳಗೆ ಸೂಜಿಯಂಥ ಪಿನ್ನುಗಳಿವೆ, ಒಟ್ಟು 988. ಈಗ ಐ3 ತಿರುಗಿಸಿ. ಒಂದೂ ಪಿನ್ ಇಲ್ಲ, ಬರೀ ಚಪ್ಪಟೆ ಚುಕ್ಕೆಗಳು. ಅದರ 1155 ಪಿನ್ನುಗಳು ಬೋರ್ಡಿನ ಸಾಕೆಟ್ಟಿನಲ್ಲೇ ಇರುತ್ತವೆ. ಪಿನ್ನಿನ ಮೇಲೆ ಪಿನ್ ಇಟ್ಟು ಒತ್ತಿದರೆ ಎರಡೂ ಕಡೆಯವು ಬಾಗುತ್ತವೆ. ಇರುವ ಕಂಪ್ಯೂಟರೂ ಹೋಗುತ್ತದೆ.

ಇದು ನಾನೇ ದುಡ್ಡು ಕೊಟ್ಟು ಕಲಿತ ಪಾಠ. ಹುಬ್ಬಳ್ಳಿಯಲ್ಲಿ ರಿಪೇರಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಲ್ಯಾಪ್‌ಟಾಪಿನ ಪೆಂಟಿಯಂ ಎಂ ಚಿಪ್ಪನ್ನು ಪೆಂಟಿಯಂ 4ರ ಬೋರ್ಡಿಗೆ ಹಾಕಲು ಹೋಗಿದ್ದೆ. ನೋಡಲು ಎರಡೂ ಒಂದೇ. ಆದರೆ ಒಂದು ಪಿನ್ನಿನ ಜಾಗ ಬೇರೆ. ನಾನು ಹೆಬ್ಬೆರಳಿನಿಂದ ಒತ್ತಿದೆ. ಖಾಲಿ ರೀಫಿಲ್ ತುದಿಯಿಂದ ಪಿನ್ ನೆಟ್ಟಗೆ ಮಾಡುತ್ತ ಸಂಜೆಯಾಯಿತು, ಒಂದು ಮುರಿದೇ ಹೋಯಿತು. ಆ ತಿಂಗಳ ಪಗಾರದಲ್ಲಿ ಮಾಲೀಕರು ಮುರಿದುಕೊಂಡರು. ಆಮೇಲೆ ಗೊತ್ತಾಯಿತು, ಅದಕ್ಕೆಂದೇ ಆಸುಸ್ ಕಂಪನಿ 2005ರಲ್ಲಿ ಸಿಟಿ-479 ಎಂಬ ಅಡಾಪ್ಟರ್ ತಂದಿತ್ತು. ಅದೂ ಅವರದೇ ಕೆಲವು ಬೋರ್ಡುಗಳಿಗೆ ಮಾತ್ರ. ಆದರೆ ಎಎಂಡಿ ಕಂಪನಿಯ ಲ್ಯಾಪ್‌ಟಾಪ್ ಚಿಪ್ ಅಥ್ಲಾನ್ ಎಕ್ಸ್‌ಪಿ-ಎಂ ಡೆಸ್ಕ್‌ಟಾಪಿನ ಸಾಕೆಟ್ಟಿಗೆ ನೇರವಾಗಿ ಕೂರುತ್ತಿತ್ತು. ಆ ಕಾಲ ಹೋಯಿತು. ಈಗಿನ ಲ್ಯಾಪ್‌ಟಾಪ್‌ಗಳಲ್ಲಂತೂ ಪ್ರೊಸೆಸರ್ ಬೋರ್ಡಿಗೇ ಬೆಸುಗೆ.

ಇಷ್ಟಕ್ಕೂ ನಿಮ್ಮ ಐ5 ಕೂತಿದ್ದರೂ ಏನು ಲಾಭವಿತ್ತು? ಎರಡೇ ಕೋರ್ (ಲೆಕ್ಕ ಮಾಡುವ ಘಟಕ), 35 ವ್ಯಾಟ್, ಎಷ್ಟು ಓಡಿದರೂ 3.1 ಗಿಗಾಹರ್ಟ್ಸ್. ನಿಮ್ಮ ಐ3ಗೂ ಎರಡು ಕೋರ್, ಅದು ಸುಮ್ನೆ 3.3ರಲ್ಲಿ ಓಡುತ್ತದೆ. ಐ5 ಎಂಬ ಹೆಸರಿಗೆ ಮರುಳಾಗಬೇಡಿ. ನಾಲ್ಕು ಕೋರ್ ಬೇಕಿದ್ದರೆ ಡೆಸ್ಕ್‌ಟಾಪಿನ ಐ5-3470 ಸೆಕೆಂಡ್‌ಹ್ಯಾಂಡ್ ಹುಡುಕಿ. ಅದನ್ನು ಹಾಕುವ ಮೊದಲು, ಐ3 ಇರುವಾಗಲೇ, ಬೋರ್ಡಿನ ಬಯಾಸ್ (ಕಂಪ್ಯೂಟರ್ ಎಬ್ಬಿಸುವ, ಬೋರ್ಡಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಬೇಕಾಗಬಹುದು. ಯುಪಿಎಸ್ ಇಲ್ಲದೆ ಅದಕ್ಕೆ ಕೈ ಹಾಕಬೇಡಿ, ನಡುವೆ ಕರೆಂಟ್ ಹೋದರೆ ಬೋರ್ಡ್ ಏಳುವುದಿಲ್ಲ.

ಆದರೆ ಟ್ಯಾಲಿ ತೆರೆಯಲು ತಡವಾಗುವುದು ಪ್ರೊಸೆಸರ್‌ನಿಂದ ಅಲ್ಲ, ಜಾಸ್ತಿ ಅನುಮಾನ ಹಳೇ ಹಾರ್ಡ್‌ಡಿಸ್ಕ್ ಮೇಲೆ. ಒಂದು ಸಾಟಾ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ ವೇಗದ ಡಿಸ್ಕ್; ಸಾಟಾ ಅಂದರೆ ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಕೇಬಲ್ ಬಗೆ) ಹಾಕಿಸಿ. ಎಚ್61ರ ಸಾಟಾ ಹಳೇ ವೇಗದ್ದೇ, ಆದರೂ ವ್ಯತ್ಯಾಸ ಮೊದಲ ದಿನವೇ ಕಾಣುತ್ತದೆ.

ಲ್ಯಾಪ್‌ಟಾಪಿನ ರ್‍ಯಾಮ್ ಇದಕ್ಕೆ ಬರುವುದಿಲ್ಲ, ಅದು ಗಿಡ್ಡದು. ಅದರ ಹಾರ್ಡ್‌ಡಿಸ್ಕ್ ಮಾತ್ರ ಎಸೆಯಬೇಡಿ. ಚಹಾ ತಾಗಿರದಿದ್ದರೆ ಡೆಸ್ಕ್‌ಟಾಪಿನ ಸಾಟಾ ಕೇಬಲ್ಲಿಗೇ ಸಿಕ್ಕಿಸಿ, ಟ್ಯಾಲಿ ಬ್ಯಾಕಪ್ ಇಡಲು ಆಗುತ್ತದೆ.