ಎರಡನೇ ಲೈನೂ ಅದೇ ಕಂಬದ ಮೇಲೆ ಬಂದರೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ಸಹಕಾರ ಸಂಘದ ಶಾಖೆ. ಆರು ಕಂಪ್ಯೂಟರುಗಳಿವೆ. ಅಡಿಕೆ ತೂಕ, ಸಾಲದ ಲೆಕ್ಕ ಎಲ್ಲವೂ ಪ್ರಧಾನ ಕಚೇರಿಯ ಸರ್ವರ್‌ನಲ್ಲಿ. ಪುನರ್ವಸು ಮಳೆ ಹಿಡಿದರೆ ಫೈಬರ್ ಸಂಪರ್ಕ ಕೈಕೊಡುತ್ತದೆ. ಇನ್ನೊಂದು ಕಂಪನಿಯ ಫೈಬರ್ ಹಾಕಿಸಿದರೆ ಸಾಕೆ? ಒಂದು ಹೋದ ಕೂಡಲೇ ಇನ್ನೊಂದು ತಾನಾಗಿ ಕೆಲಸ ಶುರುಮಾಡಬೇಕಾದರೆ ಏನು ಮಾಡಬೇಕು?

ಉತ್ತರ: ಹಣ ಕಟ್ಟುವ ಮೊದಲು ಕೊಡೆ ಹಿಡಿದು ರಸ್ತೆಗೆ ಇಳಿಯಿರಿ. ಈಗಿನ ಕೇಬಲ್ ಯಾವ ಕಂಬಗಳ ಮೇಲೆ ಬರುತ್ತದೆ, ಹೊಸ ಕಂಪನಿಯವರು ಎಲ್ಲಿಂದ ಎಳೆಯುತ್ತಾರೆ ಎಂದು ನೋಡಿ. ಮಲೆನಾಡಿನಲ್ಲಿ ಬಹಳ ಕಡೆ ಎಲ್ಲರ ಫೈಬರೂ ಅದೇ ವಿದ್ಯುತ್ ಕಂಬಗಳನ್ನೇ ಹಿಡಿದು ಬರುತ್ತದೆ. ಒಂದು ಮರ ಬಿದ್ದರೆ ಎರಡೂ ಹೋದವು. ಬಿಲ್ ಎರಡು ಬರುತ್ತದೆ, ದಾರಿ ಮಾತ್ರ ಒಂದೇ.

ಹಾಗಾಗಿ ಎರಡನೆಯದಕ್ಕೆ ಮೊಬೈಲ್ ಜಾಲವೇ ಸೂಕ್ತ, ಸಿಮ್ ಹಾಕುವ 4ಜಿ ರೂಟರ್. ಆದರೆ ಇಲ್ಲೂ ಒಂದು ತೊಡಕಿದೆ. ಟವರ್‌ಗೂ ಇಂಟರ್‌ನೆಟ್ ಎಲ್ಲಿಂದಲೋ ಬರಬೇಕಲ್ಲ! ಅದೂ ನಿಮ್ಮ ರಸ್ತೆಯ ಫೈಬರನ್ನೇ ನಂಬಿದ್ದರೆ ಪ್ರಯೋಜನವಿಲ್ಲ. ಮುಂದಿನ ಬಾರಿ ಫೈಬರ್ ಹೋದಾಗ ಸಿಬ್ಬಂದಿಯ ಫೋನುಗಳನ್ನು ಗಮನಿಸಿ. ಸಿಗ್ನಲ್ ಕಡ್ಡಿಗಳು ತುಂಬಿದ್ದರೂ ಡೇಟಾ ಅಲುಗಾಡದಿದ್ದರೆ ಆ ಕಂಪನಿಯ ಸಿಮ್ ಬೇಡ. ಬೇಸಿಗೆಯಲ್ಲಿ ವೇಗವಾಗಿ ಓಡುವ ಸಿಮ್‌ಗಿಂತ, ಮಳೆಯಲ್ಲಿ ಕುಂಟುತ್ತಲಾದರೂ ನಡೆಯುವ ಸಿಮ್ ಮೇಲು.

4ಜಿ ರೂಟರ್‌ನ ಪುಟದಲ್ಲಿ ಆರ್‌ಎಸ್‌ಆರ್‌ಪಿ ಎಂಬ, ಸಿಗ್ನಲಿನ ಬಲ ಹೇಳುವ ಅಂಕಿ ಕಾಣುತ್ತದೆ. ಅದು -90ರ ಆಸುಪಾಸಿದ್ದರೆ ಒಳ್ಳೆಯದು, -110ಕ್ಕಿಂತ ಕೆಳಗಿಳಿದರೆ ನಂಬಬೇಡಿ. ಸಿಗ್ನಲ್ ಕಡಿಮೆಯಿದ್ದರೆ ಹೊರಾಂಗಣ 4ಜಿ ರೂಟರನ್ನೇ ಮಾಡಿನ ಮೇಲೆ ಕೂರಿಸಿ, ಅಲ್ಲಿಂದ ಈಥರ್ನೆಟ್ ಕೇಬಲ್ ಇಳಿಸಿ. ಉದ್ದದ ಆಂಟೆನಾ ಕೇಬಲ್ ದಾರಿಯಲ್ಲೇ ಸಿಗ್ನಲನ್ನು ನುಂಗುತ್ತದೆ. ಈಥರ್ನೆಟ್ 100 ಮೀಟರ್‌ವರೆಗೆ ನಿರಾಳವಾಗಿ ಹೋಗುತ್ತದೆ. ನಿಮ್ಮ ಕಡೆಯ ಸಿಡಿಲು ನೆನಪಿರಲಿ, ಅರ್ತಿಂಗ್ ಮತ್ತು ಸರ್ಜ್ ಪ್ರೊಟೆಕ್ಟರ್ ಬಿಡಬೇಡಿ.

ಇನ್ನು ತಾನಾಗಿ ಬದಲಾಗುವ ವಿಚಾರ. ಎರಡು ವ್ಯಾನ್ ಸಂಪರ್ಕ, ಅಂದರೆ ಹೊರಗಿನ ಎರಡು ಇಂಟರ್‌ನೆಟ್ ಲೈನು ಪಡೆಯುವ ರೂಟರ್ ಬೇಕು. ಟಿಪಿ-ಲಿಂಕ್ ಇಆರ್605, ಮೈಕ್ರೋಟಿಕ್ ಹೆಕ್ಸ್‌ನಂಥವು ಸಾಕು. ಎರಡರ ಮೇಲೂ ಭಾರ ಹಂಚುವ ಆಯ್ಕೆ ಬೇಡ. ಇಂಟರ್‌ನೆಟ್‌ನಲ್ಲಿ ನಿಮ್ಮನ್ನು ಗುರುತಿಸುವ ಐಪಿ ವಿಳಾಸ ಪದೇ ಪದೇ ಬದಲಾದರೆ ಲೆಕ್ಕದ ತಂತ್ರಾಂಶ ಸಿಬ್ಬಂದಿಯನ್ನು ಹೊರಗೆ ಹಾಕೀತು. ಒಂದು ಮುಖ್ಯ, ಇನ್ನೊಂದು ಮೀಸಲು ಎಂದೇ ಇರಲಿ.

ಹೆಚ್ಚಿನವರು ಎಡವುವುದು ಇದರ ನಂತರ. ಫೈಬರ್ ತುಂಡಾದುದು ಎಲ್ಲೋ ಕಾಡಿನಲ್ಲಿ, ರೂಟರ್ ನೋಡುವುದು ಪಕ್ಕದಲ್ಲಿರುವ ಫೈಬರ್ ಮೋಡೆಮ್ಮನ್ನು. ಮೋಡೆಮ್ ಸಲೀಸಾಗಿ ಉತ್ತರ ಕೊಡುತ್ತಿರುತ್ತದೆ, ರೂಟರ್ ಎಲ್ಲ ಸರಿಯಿದೆ ಎಂದು ಸುಮ್ಮನಿರುತ್ತದೆ. ಆದ್ದರಿಂದ ದೂರದ ಸಾರ್ವಜನಿಕ ಸರ್ವರ್‌ಗಳಾದ 8.8.8.8 ಮತ್ತು 1.1.1.1, ಎರಡಕ್ಕೂ ಪಿಂಗ್ ಮಾಡಿ, ಅಂದರೆ ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ಎಂದು ನೋಡುವಂತೆ ಹೊಂದಿಸಿ. ಎರಡೂ ಸತತವಾಗಿ ಉತ್ತರಿಸದಿದ್ದರೆ ಮಾತ್ರ ಬದಲಾಗಲಿ. ಫೈಬರ್ ಮರಳಿದ ಮೇಲೂ ಕೆಲವು ನಿಮಿಷ ಕಾದು ಹಿಂತಿರುಗಲಿ. ಮೈಕ್ರೋಟಿಕ್‌ನಲ್ಲಿ ಆ ಪಿಂಗ್ ಫೈಬರ್ ದಾರಿಯಲ್ಲೇ ಹೋಗುವಂತೆ ನೀವೇ ಕಟ್ಟಿಹಾಕಬೇಕು. ಇಲ್ಲವಾದರೆ ಮೊಬೈಲ್ ದಾರಿಯಿಂದ ಉತ್ತರ ಬಂದು, ಫೈಬರ್ ಸರಿಹೋಯಿತೆಂದು ರೂಟರ್ ಮೋಸಹೋಗುತ್ತದೆ.

ಪ್ರಧಾನ ಕಚೇರಿಯ ಫೈರ್‌ವಾಲ್ ನಿಮ್ಮ ಫೈಬರ್‌ನ ಸ್ಥಿರ ಐಪಿ ವಿಳಾಸಕ್ಕೆ ಮಾತ್ರ ಬಾಗಿಲು ತೆರೆಯುತ್ತಿದೆಯೇ ಎಂದು ವಿಚಾರಿಸಿ. ಮೊಬೈಲ್ ಜಾಲದಲ್ಲಿ ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಗ್ರಾಹಕರು ಹಂಚಿಕೊಳ್ಳುತ್ತಾರೆ. ಹೊರಗಿನಿಂದ ನಿಮ್ಮನ್ನು ಕರೆಯಲು ಆಗದು. ಹಾಗಾಗಿ ವಿಪಿಎನ್ (ಶಾಖೆಗೂ ಪ್ರಧಾನ ಕಚೇರಿಗೂ ನಡುವಿನ ಸುರಕ್ಷಿತ ಸುರಂಗ) ಶಾಖೆಯಿಂದಲೇ ಶುರುವಾಗಬೇಕು. ವೈರ್‌ಗಾರ್ಡ್ ಎಂಬ ವಿಪಿಎನ್ ಬಳಸಿದರೆ, ಸಂಪರ್ಕ ಜೀವಂತವಿಡುವ ಕೀಪ್‌ಅಲೈವ್ ಸಂದೇಶದ ಅಂತರವನ್ನು 25 ಸೆಕೆಂಡ್ ಇಡಿ.

ಕರೆಂಟು ಹೋದರೆ ಇದೆಲ್ಲ ವ್ಯರ್ಥ. ಕಂಪ್ಯೂಟರ್‌ಗಳ ಜೊತೆಗೆ ಫೈಬರ್ ಮೋಡೆಮ್, ರೂಟರ್, 4ಜಿ ಪೆಟ್ಟಿಗೆ, ಸ್ವಿಚ್ಚು ಎಲ್ಲವೂ ಯುಪಿಎಸ್ ಮೇಲಿರಲಿ. ಮೀಸಲು ಸಂಪರ್ಕದಲ್ಲಿ ಸಿಸಿಟಿವಿ ಮತ್ತು ವಿಂಡೋಸ್ ಅಪ್‌ಡೇಟ್ ತಡೆಯಿರಿ. ಸಿಮ್ ರೀಚಾರ್ಜ್ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಇದು ನಗೆಯ ಮಾತಲ್ಲ.

ಪರೀಕ್ಷೆಯನ್ನು ಮಳೆಗಾಲಕ್ಕೆ ಮೊದಲೇ, ಕೆಲಸದ ಹೊತ್ತಿನಲ್ಲೇ ಮಾಡಿ. ರೂಟರ್‌ನ ಕೇಬಲ್ ಕೀಳುವುದಲ್ಲ, ಮೋಡೆಮ್‌ನಿಂದ ಫೈಬರನ್ನೇ ಬಿಚ್ಚಿ. ಅದರ ತುದಿಯನ್ನು ಕಣ್ಣಿನ ಹತ್ತಿರ ತರಬೇಡಿ, ಒಳಗಿನ ಲೇಸರ್ ಬೆಳಕು ಕಾಣುವುದಿಲ್ಲ. ತುದಿಗೆ ದೂಳು ತಾಗದಂತೆ ಮುಚ್ಚಳ ಹಾಕಿ.

ಪ್ರಶ್ನೆ: ನಮ್ಮ ಘಟ್ಟದ ಕೆಳಗಿನ ಕಚೇರಿಗೆ ಯಾವ ಮೊಬೈಲ್ ಸಿಗ್ನಲೂ ಇಲ್ಲ. ವಿಸ್ಯಾಟ್ (ಡಿಶ್ ಮೂಲಕ ಉಪಗ್ರಹದಿಂದ ಬರುವ ಇಂಟರ್‌ನೆಟ್) ಆದೀತೆ?

ಉತ್ತರ: ಆದೀತು. ಆ ಉಪಗ್ರಹ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವುದರಿಂದ ಪ್ರತಿ ವಿನಂತಿ ಹೋಗಿ ಬರಲು ಅರ್ಧ ಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ವೆಬ್ ಪುಟದಲ್ಲಿ ರಸೀದಿ ನಮೂದಿಸಲು ತೊಂದರೆಯಿಲ್ಲ. ದೂರದ ಕಂಪ್ಯೂಟರಿನ ಪರದೆಯ ಮೇಲೆ ಕೂತು ಟೈಪ್ ಮಾಡುವುದಾದರೆ ಅಕ್ಷರ ಮೂಡುವುದನ್ನು ಕಾಯುತ್ತಾ ತಾಳ್ಮೆ ಕಳೆದುಕೊಳ್ಳುತ್ತೀರಿ. ಮೊದಲು ಗುಡ್ಡದ ತುದಿಗೆ ಫೋನ್ ಹಿಡಿದು ಹತ್ತಿ ನೋಡಿ. ಅಲ್ಲಿ ಸಿಗ್ನಲ್ ಸಿಕ್ಕಿ, ಅಲ್ಲಿಂದ ಕಚೇರಿಯ ಮಾಡು ಮರಗಳ ಅಡ್ಡವಿಲ್ಲದೆ ಕಂಡರೆ, ಗುಡ್ಡದ ಮೇಲೊಂದು 4ಜಿ ರೂಟರ್, ಎರಡು ತುದಿಗೂ ಒಂದೊಂದರಂತೆ ಎರಡು 5 ಗಿಗಾಹರ್ಟ್ಸ್ ವೈರ್‌ಲೆಸ್ ಡಿಶ್‌ಗಳು ಮತ್ತು ಒಂದು ಸೌರ ಫಲಕದಲ್ಲಿ ಕೆಲಸ ಮುಗಿಯಬಹುದು.